ಹದಿನಾಲ್ಕರ ಹೆಸರಿನಲ್ಲಿ

ಬೆಳಿಗ್ಗೆ ಒಂಬತ್ತೂವರೆಗೆ ಪ್ರಯೋಗಾಲಯ ನಡೆಸುವ ಮೇಡಂ ಹೊರಗಿನಿಂದ ಬಂದಿದ್ದ ಮೂವರನ್ನು ಅದರ ಬಾಗಿಲಲ್ಲಿ ನಿಲ್ಲಿಸಿಕೊಂಡು, ಒಳಗೆ ಬೆನ್ನು ಮಾಡಿ ಕೂತಿದ್ದ ಅವನನ್ನು ತೋರಿಸಿ, "ಇವರ ಕೈ ನೋಡಿ. ಒಂದೇ ರಕ್ತ ಇವತ್ತು ಅಳೀಲಿ, ಆರು ತಿಂಗಳು ಬಿಟ್ಟು ಅಳೀಲಿ, ಉತ್ತರ ಅದೇ ಬರುತ್ತೆ. ಇಂಥ ಕೈ ನಾನು ಬೇರೆಲ್ಲೂ ನೋಡಿಲ್ಲ" ಅಂದರು. ಅವನು ತಿರುಗಲಿಲ್ಲ. ತಿರುಗಿದ್ದರೆ ಪಿಪೆಟ್ಟಿನ ತುದಿಯ ಹನಿ ಅಲುಗುತ್ತಿತ್ತು. ಹನಿಯನ್ನು ಪ್ಲೇಟಿನ ಗುಳಿಯೊಳಗೆ ಇಳಿಸಿ, ಮುಂದಿನದಕ್ಕೆ ಕೈ ಹಾಕಿ, ಸಾಲಿನ ಹನ್ನೆರಡೂ ಮುಗಿದ ಮೇಲೆಯೇ ಉಸಿರು ಬಿಟ್ಟ. ಅಷ್ಟರಲ್ಲಿ ಅವರೆಲ್ಲ ಹೊರಟುಹೋಗಿದ್ದರು. ಕಿವಿಯ ತುದಿ ಬಿಸಿಯಾಗಿತ್ತು. ಹೊಗಳಿಕೆಗೆ ಹಾಗಾಗುವುದು ಅವನಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷಗಳಿಂದ ಈ ಸ್ಟೂಲಿನ ಮೇಲೆ ಕೂತು ಗಂಡು ಕೋತಿಗಳ ರಕ್ತದಿಂದ ಹಾರ್ಮೋನು ಅಳೆಯುತ್ತ ಬಂದವನು, ಯಾರು ಹೊಗಳಿದರೂ ಒಳಗೊಳಗೆ, ನೀವು ಹೇಳಿದ್ದು ಕಡಿಮೆಯೇ ಆಯಿತು, ಅಂದುಕೊಳ್ಳುತ್ತಿದ್ದ. ಕೋತಿಗಳನ್ನು ನೋಡಿಕೊಳ್ಳುವ ಮುದುಕ ಅವನಿಗೆ ಹನಿಯಪ್ಪ ಎಂದು ಹೆಸರಿಟ್ಟಿದ್ದ. ಆ ಹೆಸರೂ ಅವನಿಗೆ ಇಷ್ಟವೇ. ಆದರೆ ಇವತ್ತಿನ ಹೊಗಳಿಕೆ ಅವನಿಗೆ ಬೇಡವಾಗಿತ್ತು. ಏಕೆಂದರೆ ಬಂದಿದ್ದ ಮೂವರು ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿಯವರು. ಮಧ್ಯಾಹ್ನ ಎರಡೂವರೆಗೆ ಅವರು ಮೇಲಿನ ಕೋಣೆಯಲ್ಲಿ ಕೂತು ಹೊಸ ಪ್ರಯೋಗಕ್ಕಾಗಿ ಮೇಡಂ ಬರೆದ ಅರ್ಜಿಗೆ ಹೂಂ ಅನ್ನುವವರಿದ್ದರು. ಆ ಅರ್ಜಿಗೆ ಆಧಾರ ಎದುರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗಿದ್ದ, ಹಾರ್ಮೋನಿನ ಏರಿಳಿತದ ನಕ್ಷೆ. ಆ ನಕ್ಷೆಗೆ ಆಧಾರ ಅದರ ನಡುವೆ ದಿಢೀರನೆ ಕೆಳಕ್ಕೆ ಬಿದ್ದ ಮೂರು ಚುಕ್ಕೆಗಳು. ಆ ಮೂರು ಚುಕ್ಕೆಗಳು ಅವನವು.

ಅವನು ಮಾಡಿದವು ಎಂಬ ಅರ್ಥದಲ್ಲಲ್ಲ. ನಕ್ಷೆಯ ಎಲ್ಲ ಚುಕ್ಕೆಗಳೂ ಅವನು ಮಾಡಿದವೇ. ಆ ಮೂರು ಮಾತ್ರ ಅವನ ಸ್ವಂತ ರಕ್ತದವು.

ಪ್ಲೇಟನ್ನು ಯಂತ್ರದೊಳಗಿಟ್ಟು ಕೈಗವಸು ಕಳಚಿದ. ಬಲಗೈಯ ಹೆಬ್ಬೆರಳು ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಒಂದು ಬದಿಗೆ ಚಪ್ಪಟೆಯಾಗಿದೆ. ಹೆಂಡತಿ ಮದುವೆಯಾದ ಹೊಸದರಲ್ಲಿ ಅದನ್ನು ಹಿಡಿದು ನೋಡಿ, "ಇದು ನಿಮ್ಮ ಮೆಡಲ್ಲು" ಅಂದಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು, ಅವಳ ಬೆರಳುಗಳಿಗೂ ಅಂಥದೇ ಗುರುತುಗಳಿದ್ದವು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗೊತ್ತಾಗುವ ಬೆರಳುಗಳು. ಆಗ ಅವನಿಗೆ ಅನಿಸಿದ್ದು, ನಾವಿಬ್ಬರೂ ಸರಿಯಾಗಿ ಅಳೆಯುವ ಜನ, ನಮ್ಮ ಮನೆಯಲ್ಲಿ ಸುಳ್ಳಿಗೆ ಜಾಗವಿಲ್ಲ. ಆ ಮಾತನ್ನು ಅವಳಿಗೆ ಹೇಳಿಯೂ ಇದ್ದ. ಹೇಳಿದ್ದ ಎಂಬುದೇ ಈಗ ತೊಂದರೆ. ಮಾತಿಗೇನು, ಆಡಿ ಮುಗಿಸಬಹುದು, ಆದರೆ ಕೇಳಿದವಳು ಅದನ್ನು ನಂಬಿ ಹತ್ತು ವರ್ಷ ಬದುಕಿಬಿಟ್ಟರೆ ಏನು ಮಾಡುವುದು?

ಮದುವೆಯಾಗಿ ಆರು ವರ್ಷವಾದರೂ ಮಗುವಾಗದೆ ಇಬ್ಬರೂ ಕ್ಲಿನಿಕ್ಕಿಗೆ ಹೋದಾಗ ಅಲ್ಲಿಯ ಡಾಕ್ಟರು ಅವಳ ಪರೀಕ್ಷೆಗಳ ಪಟ್ಟಿ ಬರೆದು, ಕೊನೆಗೆ ಅವನ ಕಡೆ ನೋಡಿ, "ನಿಮ್ಮದೂ ಒಮ್ಮೆ ನೋಡಿಬಿಡೋಣ" ಅಂದಿದ್ದರು. ಅವನು ನಕ್ಕು, "ಅದೇ ನನ್ನ ಕೆಲಸ ಸಾರ್. ನಮ್ಮಲ್ಲೇ ನೋಡ್ಕೊಂಡು ಬರ್ತೀನಿ" ಎಂದ. ಡಾಕ್ಟರೂ ನಕ್ಕರು. ಒಂದೇ ಕಸುಬಿನವರು ಪರಸ್ಪರ ನಗುವ ನಗು ಅದು, ಹೆಂಡತಿ ಅದರ ಹೊರಗಿದ್ದಳು. ಅವನಿಗೆ ಹೆದರಿಕೆಯೇನೂ ಇರಲಿಲ್ಲ. ಕ್ಲಿನಿಕ್ಕಿನ ಕಿಟಕಿಯಲ್ಲಿ ತನ್ನ ಹೆಸರು ಕೂಗಿ ಮುಚ್ಚಳದ ಡಬ್ಬಿ ಕೈಗಿಡುವುದನ್ನು ನೆನೆದರೆ ಮುಜುಗರವಾಗುತ್ತಿತ್ತು, ಅಷ್ಟೇ. ಆ ವಾರವೇ ಹದಿನಾಲ್ಕನೇ ನಂಬರಿನ ಗಂಡು ಕೋತಿ ಜಗಳದಲ್ಲಿ ತೊಡೆ ಕಚ್ಚಿಸಿಕೊಂಡು ರೋಗಿಗಳ ಕೋಣೆ ಸೇರಿತ್ತು. ಮುದುಕ ಅದನ್ನು ಪೈಲ್ವಾನ ಎಂದು ಕರೆಯುತ್ತಿದ್ದ. ಗಾಯ ಆರುವ ತನಕ ಅದರ ಮೈಮೇಲೆ ಸೂಜಿ ಇಡಲು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದ. ಆದರೆ ಲೇಬಲ್ಲುಗಳು ತಿಂಗಳಿಗೆ ಮೊದಲೇ ಅಚ್ಚಾಗಿ ಬರುತ್ತಿದ್ದವು. ಹದಿನಾಲ್ಕರ ಲೇಬಲ್ಲು ಅಂಟಿಸಿದ ಮೂರು ಟ್ಯೂಬುಗಳು ಖಾಲಿ ಉಳಿದಿದ್ದವು. ಬುಧವಾರ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನು ರಬ್ಬರಿನ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡತೋಳಿಗೆ ಬಿಗಿದು ತನ್ನ ರಕ್ತ ತಾನೇ ಎಳೆದ. ಕಂಪ್ಯೂಟರಿಗೆ ಪ್ರಾಣಿಗಳ ನಂಬರು ಬಿಟ್ಟು ಬೇರೆಯದು ಗೊತ್ತಿರಲಿಲ್ಲ, ಹಾಗಾಗಿ ಹದಿನಾಲ್ಕು ಎಂದೇ ಇರಲಿ, ಆಮೇಲೆ ಅಳಿಸಿದರಾಯಿತು ಅಂದುಕೊಂಡ.

ಎರಡು ದಿನಕ್ಕೆ ಅಂಕಿ ಬಂತು. ಅವನು ಓದಿದ. ಯಾವ ಗಂಡಿನ ಅಂಕಿಯನ್ನಾದರೂ ಒಂದೇ ನೋಟಕ್ಕೆ ಓದುವವನು, ಅದನ್ನು ಮೂರು ಸಲ ಓದಿದ. ಹೊಸದಾಗಿ ಸೇರಿದವರಿಗೆ ಅವನೇ ಪಾಠ ಹೇಳುತ್ತಿದ್ದ: ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ, ಅದು ರಕ್ತದಲ್ಲಿ ಎಲ್‌ಎಚ್ ಎಂಬ ಕರೆ ಕಳಿಸುತ್ತದೆ, ಕೆಳಗೆ ವೃಷಣ ಆ ಕರೆ ಕೇಳಿ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ತಯಾರಿಸುತ್ತದೆ, ಸಾಕಷ್ಟಾದ ಮೇಲೆ ಅದೇ ಟೆಸ್ಟೋಸ್ಟೆರಾನ್ ಮೇಲೆ ಹೋಗಿ, ಸಾಕು ಮಾರಾಯ, ಕೂಗಬೇಡ, ಅನ್ನುತ್ತದೆ. ಕೋತಿಯಲ್ಲೂ ಹೀಗೆಯೇ, ನಮ್ಮಲ್ಲೂ ಹೀಗೆಯೇ. ಕೆಳಗಿನದಕ್ಕೆ ಕಿವಿ ಕೇಳದಿದ್ದರೆ? ಎಂದು ಯಾರಾದರೂ ಕೇಳಿದರೆ, ಮೇಲಿನದು ಇನ್ನೂ ಜೋರಾಗಿ ಕೂಗುತ್ತದೆ, ಪಾಪ, ಅದಕ್ಕೇನು ಗೊತ್ತು, ಎಂದು ನಗಿಸುತ್ತಿದ್ದ. ಈಗ ಕಾಗದದ ಮೇಲೆ ಎಲ್‌ಎಚ್ ಕಂಠ ಹರಿದುಕೊಂಡು ಕೂಗುತ್ತಿತ್ತು. ಅದರ ಪಕ್ಕದಲ್ಲಿ ಟೆಸ್ಟೋಸ್ಟೆರಾನ್ ಒಂದು ಪಾಯಿಂಟ್ ಎಂಟು. ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ಎಲ್‌ಎಚ್ ಜಾತಿಯಿಂದ ಜಾತಿಗೆ ಬೇರೆ, ಕೋತಿಯ ರಕ್ತ ಅಳೆಯುವ ಕಿಟ್ಟಿನಲ್ಲಿ ಮನುಷ್ಯನದು ಸರಿಯಾಗಿ ಬರುವುದಿಲ್ಲ ಎಂದು ಒಂದು ಇಡೀ ದಿನ ಸಮಾಧಾನ ಮಾಡಿಕೊಂಡ. ಆದರೆ ಟೆಸ್ಟೋಸ್ಟೆರಾನ್ ಎಲ್ಲ ಗಂಡಿಗೂ ಒಂದೇ, ಇಲಿಗೂ ಕುದುರೆಗೂ ರಾಜನಿಗೂ. ಮುಂದಿನ ಬುಧವಾರ ಮತ್ತೆ ಎಳೆದ. ಒಂದು ಪಾಯಿಂಟ್ ಏಳು. ಅದರ ಮುಂದಿನ ಬುಧವಾರ ಒಂದು ಪಾಯಿಂಟ್ ಎಂಟು. ಬೇರೆಯವರ ಕೈಯಾಗಿದ್ದರೆ ಕೈ ತಪ್ಪಿರಬಹುದು ಎಂದು ಅನುಮಾನಕ್ಕಾದರೂ ಜಾಗವಿತ್ತು. ಅವನ ಕೈ ಅವನಿಗೆ ಆ ದಯೆಯನ್ನೂ ತೋರಿಸಲಿಲ್ಲ. ಆ ಹೊತ್ತಿನಲ್ಲೂ ಒಂದು ಮೂಲೆಯಲ್ಲಿ ಹೆಮ್ಮೆಯಾಗಿತ್ತು ಎಂಬುದನ್ನು ನೆನೆದರೆ ಅವನಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೂರು ಅಂಕಿ ಎಷ್ಟು ಒತ್ತೊತ್ತಾಗಿ ಬಂದಿವೆ, ನೋಡು!

ಅಳಿಸಲು ಕೂತಾಗ ಮೇಡಂ ಬೆನ್ನ ಹಿಂದೆ ನಿಂತಿದ್ದರು. "ಇದು ಹದಿನಾಲ್ಕಾ? ಸೋತು ಬಂತಲ್ಲ, ಅದು?" ಎಂದು ಪರದೆಗೆ ಬಗ್ಗಿದರು. ಅವರ ಕನ್ನಡಕದ ಸರ ಅವನ ಭುಜಕ್ಕೆ ತಾಗಿತು. "ಸಂತಾನದ ಕಾಲದಲ್ಲಿ ಹತ್ತರ ಮೇಲಿದ್ದದ್ದು ಎರಡರ ಕೆಳಗೆ! ಎಲ್‌ಎಚ್ ನೋಡಿ, ಏರಿದೆ. ಅಂದ್ರೆ ಮಿದುಳು ಸೋತಿಲ್ಲ, ಇದರ ವೃಷಣ ಕಿವಿ ಮುಚ್ಕೊಂಡಿದೆ. ಅಧಿಕಾರ ಹೋದ ಗಂಡು ಕೆಳಗಿನಿಂದ ಕೆಡುತ್ತೆ, ಮೇಲಿನಿಂದಲ್ಲ! ರಕ್ತ ನೀವೇ ತೆಗೆದದ್ದು ತಾನೆ?" "ಹೌದು ಮೇಡಂ" ಎಂದ. ಅದೊಂದು ನಿಜ. ಅವರು ಅವನ ಬೆನ್ನು ತಟ್ಟಿದರು. ಇನ್ನು ಹೇಳುವುದಾದರೆ ಇದನ್ನು ನಿಲ್ಲಿಸಬೇಕು, ಅದಕ್ಕೆ ಅದು ನನ್ನದು ಅನ್ನಬೇಕು, ಆಮೇಲೆ ಈ ಹೆಂಗಸು ಆ ಅಂಕಿಯನ್ನು ಓದಿದ ಕಣ್ಣಿನಿಂದಲೇ ದಿನವೂ ನನ್ನ ಮುಖವನ್ನು ಓದುತ್ತಾರೆ ಅನಿಸಿತು. ಅಳಿಸದೆ ಪರದೆಯನ್ನು ಮುಂದಿನ ಪುಟಕ್ಕೆ ಸರಿಸಿದ. ನಾಲ್ಕನೇ ವಾರ ಗಾಯ ಆರಿದ ಪೈಲ್ವಾನನ ನಿಜವಾದ ರಕ್ತ ಬಂತು, ಟೆಸ್ಟೋಸ್ಟೆರಾನ್ ಒಂಬತ್ತರ ಹತ್ತಿರ. "ಚೇತರಿಸಿಕೊಂಡಿತು!" ಎಂದು ಮೇಡಂ ಅದಕ್ಕೂ ಹಿಗ್ಗಿದರು. ಚೇತರಿಸಿಕೊಳ್ಳದವನು ಪಕ್ಕದಲ್ಲೇ ನಿಂತು ತಲೆಯಾಡಿಸಿದ.

ಅದೇ ವಾರ ಕ್ಲಿನಿಕ್ಕಿನಲ್ಲಿ, "ಎಲ್ಲ ನೋಡಿಸಿದೆ ಸಾರ್, ಸರಿಯಾಗಿದೆ. ಟೆಸ್ಟೋಸ್ಟೆರಾನ್ ಆರು ಪಾಯಿಂಟ್ ನಾಲ್ಕು" ಎಂದ. ಆ ಆರು ಪಾಯಿಂಟ್ ನಾಲ್ಕು ಪೈಲ್ವಾನನದು, ಜಗಳಕ್ಕೂ ಮುಂಚೆ, ಸಂತಾನದ ಕಾಲ ಶುರುವಾಗುವ ಮೊದಲಿನದು. ಡಾಕ್ಟರು ಅದನ್ನು ಬರೆದುಕೊಂಡು ಅವನ ಹೆಂಡತಿಯ ಕಡೆ ತಿರುಗಿದರು. ಅಲ್ಲಿಂದ ಮುಂದೆ ಅವರು ಅವನ ಕಡೆ ತಿರುಗಲೇ ಇಲ್ಲ. ಮಾತ್ರೆ, ಸೂಜಿ, ಮತ್ತೆ ಸೂಜಿ, ಕೊನೆಗೆ ಹೊಕ್ಕುಳ ಹತ್ತಿರ ಎರಡು ಕಡೆ ಕೊಯ್ದು ಒಳಗೆ ನೋಡಿದ್ದು. ಆ ದಿನ ಅವನು ಹೊರಗೆ ಪ್ಲಾಸ್ಟಿಕ್ಕಿನ ಕುರ್ಚಿಯ ಮೇಲೆ ಕೂತು ಎದುರಿನ ಗೋಡೆಯ ಟೈಲುಗಳನ್ನು ಎಣಿಸುತ್ತಿದ್ದ. ಅಡ್ಡಕ್ಕೆ ಹದಿನೇಳು. ಒಳಗೆ ಏನೂ ದೋಷ ಸಿಗಲಿಲ್ಲ. ದೋಷ ಸಿಗದಿದ್ದದ್ದೇ ಅವಳ ಇನ್ನೊಂದು ದೋಷವಾಯಿತು; ಕಾರಣವೂ ಇಲ್ಲದೆ ಆಗುತ್ತಿಲ್ಲವಲ್ಲ, ಎಂದು ಅವನ ಅಕ್ಕ ಫೋನಿನಲ್ಲಿ ನಿಟ್ಟುಸಿರಿಟ್ಟಳು. ಅಕ್ಕನ ಮನೆಗೆ ಹೋದಾಗ ಅಕ್ಕನ ಸೊಸೆಯ ಮೂರು ತಿಂಗಳ ಕೂಸನ್ನು ಹೆಂಡತಿ ಎತ್ತಿಕೊಂಡಿದ್ದಳು. ಅಕ್ಕ ಬಂದು, "ಕೊಡಮ್ಮ ಇಲ್ಲಿ, ನಿಂಗೆ ಅಭ್ಯಾಸ ಇಲ್ಲ" ಎಂದು ನಗುನಗುತ್ತಲೇ ಇಸಿದುಕೊಂಡಳು. ಹೆಂಡತಿಯ ಕೈಗಳು ಕೂಸಿನ ಅಳತೆಯಲ್ಲೇ ಒಂದು ಗಳಿಗೆ ಗಾಳಿಯಲ್ಲಿ ಉಳಿದವು. ಕೂದಲೆಳೆಯ ವ್ಯತ್ಯಾಸ ಗೊತ್ತಾಗುವ ಕೈಗಳು. ಅವನು ಅದನ್ನು ನೋಡಿದ, ನೋಡಿ ಭಾವನ ಜೊತೆ ಹೊಸ ನೀರಿನ ಪಂಪಿನ ವಿಷಯ ಮಾತಾಡಿದ.

ಇವತ್ತು ಹನ್ನೊಂದಕ್ಕೆ ಯಂತ್ರ ಕಿರುಗುಟ್ಟಿತು. ಅಂಕಿಗಳನ್ನು ಇಳಿಸಿಕೊಂಡು ಹಿತ್ತಿಲ ಕಡೆ ಕೋತಿಗಳನ್ನಿಟ್ಟಿದ್ದ ಅಂಕಣಗಳಿಗೆ ನಡೆದ. ಮುದುಕ ಜಾಲರಿಯ ಪಕ್ಕ ಸ್ಟೂಲು ಹಾಕಿಕೊಂಡು ಸೇಬು ಹೆಚ್ಚುತ್ತಿದ್ದ. ಸಂತಾನದ ಕಾಲವಾದ್ದರಿಂದ ಈ ತಿಂಗಳು ಗಂಡುಗಳ ಮುಖವೆಲ್ಲ ಕೆಂಪು, ಬೀಜಗಳು ಊದಿಕೊಂಡು ನಡೆಯುವಾಗ ಅತ್ತಿತ್ತ ತೂಗುತ್ತಿದ್ದವು. ಪೈಲ್ವಾನನಿಗೆ ವಯಸ್ಸಾಗಿದೆ. ಹಿಂಡಿನ ಯಜಮಾನಿಕೆ ಹೋಗಿ ವರ್ಷಗಳಾದವು. ಆದರೂ ಗೋಡೆಯ ತುದಿಯಲ್ಲಿ ಬಿಸಿಲಿಗೆ ಎದೆ ಕೊಟ್ಟು ಕೂತಿತ್ತು, ಒಂದು ಹೆಣ್ಣು ಅದರ ಬೆನ್ನು ಕೆದಕುತ್ತಿತ್ತು.

"ನೋಡಿ ಹನಿಯಪ್ಪನೋರೆ, ಗತ್ತು ನೋಡಿ" ಎಂದ ಮುದುಕ. "ಇದರ ಬೀಜಕ್ಕೆ ಕಿವಿ ಕೇಳಲ್ಲ ಅಂತ ಪುಸ್ತಕದಲ್ಲಿ ಬರೆದಿದಾರಂತೆ. ಇದಕ್ಕೆ ಓದಕ್ಕೆ ಬಂದಿದ್ರೆ ಮಾನನಷ್ಟ ಹಾಕ್ತಿತ್ತು."

ಅವನು ನಗಲು ಹೋಗಿ ಕೆಮ್ಮಿದ.

"ನನ್ನನ್ನೂ ಮೀಟಿಂಗಿಗೆ ಕರೆದಿದಾರೆ" ಎಂದು ಮುದುಕ ಚಾಕು ಒರೆಸಿದ. "ಹನ್ನೆರಡು ಗಂಡು ಬೇಕಂತೆ. ಒಂದೊಂದನ್ನೇ ಗುರುತಿಲ್ಲದ ಹಿಂಡಿಗೆ ಬಿಡೋದಂತೆ. ಅಲ್ಲಿನವು ಕಚ್ಚಿ ಹರಿದು ಸೋಲಿಸಬೇಕಂತೆ. ಮೂರು ವಾರ ಹಾಗೇ ಇಟ್ಟು ವಾರವಾರ ರಕ್ತ. ಯಾತಕ್ಕೆ? ಪೈಲ್ವಾನನಿಗೆ ಆದದ್ದು ಇವಕ್ಕೂ ಆಗುತ್ತಾ ನೋಡಕ್ಕೆ. ಪೈಲ್ವಾನನಿಗೆ ಏನಾಗಿತ್ತು ಹೇಳಿ? ಆ ಮೂರು ವಾರ ಅದು ನನ್ನ ಕೋಣೇಲಿತ್ತು. ಕುಂಟ್ಕೊಂಡೇ ಕಿಟಕಿ ಹತ್ತಿ ಹೆಣ್ಣುಗಳಿಗೆ ಹಲ್ಲು ಕಿರೀತಿತ್ತು. ಸೋತದ್ದು ಹಾಗಿರುತ್ತಾ? ನಾನು ಅಲ್ಲಿ ಕೇಳೇ ಕೇಳ್ತೀನಿ."

"ಕೇಳಿ" ಅಂದ. ಮುದುಕ ಒಂದು ಸೇಬಿನ ಹೋಳನ್ನು ಅವನ ಕೈಗೂ ಇಟ್ಟ. ಜಾಲರಿಯ ಆಚೆಯಿಂದ ಹನ್ನೆರಡರಲ್ಲಿ ಒಂದೆಂದು ಗುರುತು ಹಾಕಿದ ಎಳೆಯ ಗಂಡು ಬೆರಳು ಚಾಚಿ ಅದನ್ನು ಕಿತ್ತುಕೊಂಡಿತು.

ಎರಡೂವರೆಯ ಕೋಣೆಯಲ್ಲಿ ಉದ್ದನೆಯ ಮೇಜು, ಆರು ನೀರಿನ ಲೋಟ, ಬೆಳಿಗ್ಗೆ ಬಂದಿದ್ದ ಮೂವರೂ ಸೇರಿ ಎಂಟು ಜನ. ಅವನಿಗೂ ಮುದುಕನಿಗೂ ಗೋಡೆಯ ಪಕ್ಕದ ಕುರ್ಚಿಗಳು. ಮೇಡಂ ಪರದೆಯ ಮೇಲೆ ನಕ್ಷೆ ಹಾಕಿ ಮಾತಾಡಿದರು. ಅವರು ಚೆನ್ನಾಗಿ ಮಾತಾಡುತ್ತಿದ್ದರು. ಕರೆ, ಕಿವಿ, ಉತ್ತರ ಎಂಬ ಪದಗಳನ್ನು ಅವರು ಎತ್ತಿಕೊಂಡದ್ದು ಅವನ ಪಾಠದಿಂದಲೇ. ಮೂರು ಚುಕ್ಕೆಗಳು ಗೋಡೆಯಷ್ಟು ದೊಡ್ಡದಾಗಿ ಮೂಡಿದಾಗ ಎಂಟು ಜನವೂ ತನ್ನ ತೊಡೆಗಳ ಸಂದಿಯನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಅನಿಸಿ ಕಾಲು ಜೋಡಿಸಿಕೊಂಡ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷರು ಪೆನ್ನಿನ ತುದಿಯಿಂದ ಹಲ್ಲು ತಟ್ಟುತ್ತ, "ಆಸಕ್ತಿಕರವಾಗಿದೆ" ಎಂದರು. ಆಗ ಮುದುಕ ಎದ್ದು ನಿಂತ. ಕಂಕುಳಲ್ಲಿ ಅಂಚು ಹರಿದ ರಿಜಿಸ್ಟರ್ ಇತ್ತು.

"ಒಂದ್ಮಾತು ಸಾರ್. ಆ ಮೂರು ವಾರ ಹದಿನಾಲ್ಕು ನನ್ನ ಹತ್ರ ಇತ್ತು. ಗಾಯ ಆರೋ ತನಕ ಸೂಜಿ ಬೇಡ ಅಂತ ನಾನೇ ಬರೆದಿದೀನಿ. ರಕ್ತ ತೆಗೆದಿಲ್ಲ ಅಂತ ಮೂರು ಬುಧವಾರವೂ ಇಲ್ಲಿದೆ. ತೆಗೀದೆ ಇರೋ ರಕ್ತ ಅಲ್ಲಿ ಹೆಂಗೆ ಬಂತು?"

ಕೋಣೆಯಲ್ಲಿ ಸಣ್ಣ ನಗೆ ಹರಿದಾಡಿತು, ಕೆಟ್ಟ ನಗೆಯೇನಲ್ಲ, ಮುದುಕರ ಎದುರು ನಗುವಂಥದ್ದು. ಅಧ್ಯಕ್ಷರು, "ಆಗಿ ನಾಲ್ಕು ವರ್ಷ ಆಯ್ತಲ್ಲ ಯಜಮಾನ್ರೆ. ಬರೆಯೋವಾಗ ತಾರೀಕು ಆಚೀಚೆ ಆಗಿರಬಹುದು" ಎಂದರು.

"ನನ್ನ ತಾರೀಕು ಆಚೀಚೆ ಆಗಲ್ಲ ಸಾರ್" ಎಂದ ಮುದುಕ. ಮುದುಕನ ಕಿವಿಯ ತುದಿ ಕೆಂಪಾದದ್ದನ್ನು ಅವನು ಪಕ್ಕದಿಂದ ಕಂಡ. ತನ್ನದೂ ಹೀಗೆಯೇ ಕೆಂಪಾಗುತ್ತದಲ್ಲ, ಈ ಮನುಷ್ಯನಿಗೂ ತನ್ನ ಕೆಲಸದ ಮೇಲೆ ನನ್ನಷ್ಟೇ ಜಂಬ ಇದೆಯಲ್ಲ ಎಂದು ಅವನಿಗೆ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಹೊಳೆಯಿತು.

"ಇವರನ್ನೇ ಕೇಳಿಬಿಡಿ" ಎಂದರು ಮೇಡಂ, ಅವನತ್ತ ಕೈಮಾಡಿ, ಮೆತ್ತಗೆ. "ರಕ್ತ ತೆಗೆದವರು ಇವರು, ಅಳೆದವರೂ ಇವರು. ಇವರ ಕೈ ತಪ್ಪಲ್ಲ."

ಪಾರಾಗುವ ದಾರಿ ಇಷ್ಟು ಸುಲಭವಾಗಿ ಎಂದೂ ಸಿಕ್ಕಿರಲಿಲ್ಲ. ಹೌದು ಎಂದರೆ ಸಾಕು. ಮುದುಕ ಸುಳ್ಳನಾಗುತ್ತಾನೆ, ಇಲ್ಲ, ಸುಳ್ಳನೂ ಆಗುವುದಿಲ್ಲ, ಮರೆಗುಳಿಯಾಗುತ್ತಾನೆ, ಸಂಜೆ ರಿಜಿಸ್ಟರನ್ನು ತೆಗೆದು ತಾನೇ ತನ್ನ ಅಕ್ಷರವನ್ನು ಅನುಮಾನಿಸುತ್ತಾನೆ, ಹನ್ನೆರಡು ಗಂಡುಗಳು ಒಂದೊಂದಾಗಿ ಬಾಗಿಲು ದಾಟುತ್ತವೆ. ಅವನು ಎದ್ದ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ತಗುಲಿತು.

"ರಿಜಿಸ್ಟರ್ ಸರಿಯಾಗಿದೆ" ಎಂದ. "ನನ್ನ ಕೈಯೂ ತಪ್ಪಿಲ್ಲ. ಆ ಮೂರು ಅಂಕಿ ಹದಿನಾಲ್ಕರದಲ್ಲ. ನನ್ನವು."

"ನಿಮ್ಮವು ಅಂದ್ರೆ?" ಎಂದರು ಅಧ್ಯಕ್ಷರು.

"ನನ್ನ ರಕ್ತ ಸಾರ್. ನಂಗೆ ಮಕ್ಕಳಾಗಿಲ್ಲ. ಯಾಕೆ ಅಂತ ನೋಡ್ಕೊಳ್ಳಕ್ಕೆ ಹದಿನಾಲ್ಕರ ಟ್ಯೂಬಲ್ಲಿ ನನ್ನ ರಕ್ತ ಹಾಕಿ ಅಳೆದೆ. ಅಳಿಸೋಕೆ ಮುಂಚೆ ಮೇಡಂ ನೋಡಿದ್ರು. ಹೇಳಕ್ಕೆ ನಾಚಿಕೆ ಆಯ್ತು. ನಾಲ್ಕು ವರ್ಷ ನಾಚ್ಕೊಂಡೇ ಇದ್ದೆ."

ಯಾರೂ ನಗಲಿಲ್ಲ. ಯಾರೋ ನೀರು ಕುಡಿದರು, ಗುಟುಕಿನ ಸದ್ದು ಕೋಣೆಗೆಲ್ಲ ಕೇಳಿಸಿತು. ನೆಲ ಬಿರಿಯುತ್ತದೆ ಎಂದು ಅವನು ಕಾದ. ಬಿರಿಯಲಿಲ್ಲ. ಬೆನ್ನು ಯಾಕೋ ಸೆಟೆದು ನಿಂತಿತ್ತು. ಅಂಕಿ ಓದಿ ಹೇಳುವಾಗಿನ ತನ್ನ ಮಾಮೂಲಿ ದನಿಯಲ್ಲೇ ಹೇಳಿಬಿಟ್ಟೆನಲ್ಲ ಎಂದು ಅವನಿಗೇ ಬೆರಗಾಯಿತು. ಮೇಡಂ ಒಂದು ನಿಮಿಷ ಪರದೆಯ ಮೇಲಿದ್ದ ಚುಕ್ಕೆಗಳನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡು ಅದರ ಮೇಲೆ ಉದ್ದಕ್ಕೂ ಒಂದು ಗೆರೆ ಹಾಕಿದರು. "ಅರ್ಜಿ ವಾಪಸ್ ತಗೋತೀನಿ" ಅಂದರು. "ಪ್ರಕಟ ಆಗಿರೋದಕ್ಕೆ ತಿದ್ದುಪಡಿ ನಾನೇ ಬರೀತೀನಿ. ಯಜಮಾನ್ರೆ, ನಿಮ್ಮ ರಿಜಿಸ್ಟರ್ ನಾನು ಮೊದಲೇ ತೆರೆದು ನೋಡಬೇಕಿತ್ತು. ತಪ್ಪಾಯ್ತು." ಅವರ ತುಟಿ ಬೆಳ್ಳಗಾಗಿತ್ತು. ಮುದುಕ ಏನು ಮಾಡುವುದೆಂದು ತೋಚದೆ ರಿಜಿಸ್ಟರನ್ನು ಎದೆಗವಚಿಕೊಂಡು ತಲೆಬಾಗಿದ. ಆ ಕೋಣೆಯಲ್ಲಿ ಎಲ್ಲರಿಗಿಂತ ಎತ್ತರವಾಗಿ ಮುದುಕನೇ ಕಾಣುತ್ತಿದ್ದ.

ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಮೇಡಂ ಸಿಟ್ಟನ್ನು ಹೊರಗೆ ಬಿಟ್ಟರು. "ನಾಲ್ಕು ವರ್ಷ ನಾನು ನಿಮ್ಮ ರಕ್ತದ ಮೇಲೆ ಭಾಷಣ ಮಾಡಿದೀನಿ. ಊರೂರು ಸುತ್ತಿ! ಒಂದು ದಿನ, ಒಂದೇ ಒಂದು ದಿನ ಬಂದು ಹೇಳಬಾರದಿತ್ತಾ? ನಿಮ್ಮ ಯಾವ ಅಂಕಿ ನಂಬಲಿ ಈಗ?"

"ಬೇರೆ ಎಲ್ಲಾನೂ ನಂಬಬಹುದು ಮೇಡಂ."

"ನೀವು ಹೇಳಿದ್ರೆ ಸಾಕಾ? ಫ್ರೀಜರಲ್ಲಿ ನಾಲ್ಕು ವರ್ಷದ ರಕ್ತದ ಸೀರಮ್ ಇದೆ. ಎಲ್ಲ ಮತ್ತೆ ಅಳೆಸ್ತೀನಿ, ಬೇರೆಯವರ ಕೈಲಿ. ಅಲ್ಲೀತನಕ ನೀವು ಪಿಪೆಟ್ ಮುಟ್ಟೋ ಹಾಗಿಲ್ಲ. ಟ್ಯೂಬು ತೊಳೀರಿ."

ಮುಖದ ಮೇಲೆ ಹೊಡೆದ ಹಾಗಾಯಿತು. ಇಪ್ಪತ್ತೆರಡು ವರ್ಷದ ಕೈಗೆ ಟ್ಯೂಬು ತೊಳೆಯುವ ಕೆಲಸ! "ಅಳೆಸಿ ಮೇಡಂ" ಎಂದ. "ಎಲ್ಲಾನೂ ಅಳೆಸಿ, ಒಂದೂ ಬಿಡಬೇಡಿ. ಒಂದೇ ಒಂದು ಆಚೀಚೆ ಬಂದ್ರೆ ನಾನೇ ಮನೆಗೆ ಹೋಗ್ತೀನಿ." ಅದು ಉದ್ಧಟತನದಂತೆ ಕೇಳಿಸಿರಬೇಕು. ಮೇಡಂ ಅವನನ್ನು ದಿಟ್ಟಿಸಿದರು. ಬಾಗಿಲ ತನಕ ಹೋದವನನ್ನು ತಡೆದು, ಬೇರೆಯೇ ದನಿಯಲ್ಲಿ, "ಯಾರಾದ್ರೂ ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದರು. ಇಲ್ಲ ಅಂದ. "ತೋರಿಸಿ. ಕೋತಿ ಕಿಟ್ಟಲ್ಲಿ ಮನುಷ್ಯರನ್ನ ಅಳೀಬಾರದು ಅಂತ ನಿಮಗೆ ನಾನು ಹೇಳಿಕೊಡಬೇಕಾ?"

ಮುಂದೆ ಏಳು ವಾರ ಅವನು ಟ್ಯೂಬು ತೊಳೆದ. ಇನ್ನೊಂದು ಪ್ರಯೋಗಾಲಯದಿಂದ ಬಂದ ಹುಡುಗಿ ಅವನ ಸ್ಟೂಲಿನ ಮೇಲೆ ಕೂತು ಹಳೆಯ ಸೀರಮ್ಮನ್ನೆಲ್ಲ ಮತ್ತೆ ಅಳೆದಳು. ಎರಡು ಸಾವಿರದ ನೂರ ಚಿಲ್ಲರೆ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವಳೇ ಬಂದು ಅವನ ಎದುರು ನಿಂತು, "ಸಾರ್, ಹೇಗೆ ಹಿಡೀತೀರಿ ತೋರಿಸಿ" ಎಂದಳು. ಆದರೆ ಅದು ಆಮೇಲಿನ ಮಾತು. ಅವತ್ತು ಸಂಜೆ ಆರಕ್ಕೆ ಮನೆಗೆ ಹೋಗುವಾಗ ಅವನಿಗೆ ಅದೊಂದೂ ಗೊತ್ತಿರಲಿಲ್ಲ. ಎಂಟು ಜನರ ಎದುರು ಹೇಳಿದ್ದು ಸುಲಭವಾಗಿತ್ತು, ಒಬ್ಬಳ ಎದುರು ಹೇಳುವುದು ಬಾಕಿ ಇದೆ ಎಂಬುದಷ್ಟೇ ಗೊತ್ತಿತ್ತು.

ಹೆಂಡತಿ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಚಪ್ಪಲಿ ಬಿಟ್ಟವನೇ ಬಂದು ಎದುರು ನಿಂತು ಹೇಳಿದ. ಮೊದಲಿನಿಂದ ಹೇಳಿದ, ಬುಧವಾರಗಳನ್ನು ಹೇಳಿದ, ಪೈಲ್ವಾನನ ಅಂಕಿಯನ್ನು ಕ್ಲಿನಿಕ್ಕಿನಲ್ಲಿ ತನ್ನದೆಂದು ಒಪ್ಪಿಸಿದ್ದನ್ನು ಹೇಳಿದ. ಅವಳ ಕೈ ನಿಂತಿತು.

"ನನ್ನ ಹೊಟ್ಟೆ ಕೊಯ್ದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೊರಗೆ ಕೂತಿದ್ರಲ್ಲ, ಆಗ?"

"ಹೂಂ. ಆಗಲೂ."

ಅವಳು ಎದ್ದು ಒಲೆ ಆರಿಸಿದಳು. ಕೈ ತೊಳೆದಳು, ಬೆರಳ ಸಂದಿಗಳನ್ನೆಲ್ಲ ಉಜ್ಜಿ, ಗಾಜಿನ ಪುಡಿ ತೊಳೆಯುವ ಹಾಗೆ. ಅಳುತ್ತಾಳೆ ಅಂದುಕೊಂಡ, ಅತ್ತರೆ ಏನಾದರೂ ಮಾಡಬಹುದಿತ್ತು. ಅಳಲಿಲ್ಲ. "ನಾಲ್ಕು ವರ್ಷ ನಾನು ನನ್ನ ಮೈಯನ್ನೇ ಬೈಕೊಂಡಿದೀನಿ" ಎಂದಳು, ಗೋಡೆಗೆ ಹೇಳುವ ಹಾಗೆ. "ಕನ್ನಡಿ ಮುಂದೆ ನಿಂತು ಬೈದಿದೀನಿ, ಏನು ಕೊರತೆ ನಿಂಗೆ ಅಂತ. ಮಕ್ಕಳಾಗದಿದ್ರೆ ಹೋಗ್ಲಿ. ಅದನ್ನ ಇಬ್ರೂ ಹೊರಬಹುದಿತ್ತು. ನನ್ನೊಬ್ಬಳ ತಲೆ ಮೇಲಿಟ್ಟು ನೀವು ಕೈ ಬೀಸ್ಕೊಂಡು ನಡೆದ್ರಲ್ಲ." ಆಮೇಲೆ ತಿರುಗಿದಳು. "ನಂಗೆ ಹೇಳಿದ್ದು ಸಾಲದು. ಅತ್ತಿಗೇಗೆ ಹೇಳಿ. ಈಗಲೇ. ನನ್ನ ಎದುರಿಗೆ."

ಅವನು ಫೋನು ತೆಗೆದ. ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಅಕ್ಕ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕಿದ. ಅಕ್ಕ ಮೊಮ್ಮಗುವಿನ ಜ್ವರದ ಸುದ್ದಿ ತೆಗೆದಳು. ಅವನು ಅದನ್ನು ಅರ್ಧದಲ್ಲೇ ತುಂಡರಿಸಿ, "ಅಕ್ಕಾ, ನಮಗೆ ಮಕ್ಕಳಾಗದೆ ಇರೋದು ಇವಳಿಂದಲ್ಲ. ದೋಷ ನಂದು. ನಾಲ್ಕು ವರ್ಷದಿಂದ ನಂಗೆ ಗೊತ್ತು" ಎಂದ.

ಅತ್ತ ಟಿವಿಯ ಸದ್ದು ನಿಂತಿತು. ಆಮೇಲೆ ಅಕ್ಕ ದನಿ ತಗ್ಗಿಸಿ, "ಏನೋ ಇದು, ಇಂಥದ್ದನ್ನೆಲ್ಲ ಫೋನಲ್ಲಿ ಹೇಳ್ತಾರೇನೋ? ಗಂಡಸು ನೀನು" ಎಂದಳು.

"ಗಂಡಸೇ ಅಕ್ಕ. ಅದಕ್ಕೇ ಹೇಳ್ತಿದೀನಿ. ನೀನು ಅವತ್ತು ಇವಳ ಕೈಯಿಂದ ಕೂಸು ಇಸ್ಕೊಂಡೆಯಲ್ಲ, ಅಭ್ಯಾಸ ಇಲ್ಲ ಅಂತ. ನಾನು ಅಲ್ಲೇ ಇದ್ದೆ. ಸುಮ್ಮನಿದ್ದೆ. ನೀನು ಮಾಡಿದ್ದು ತಪ್ಪು, ನಂದು ಅದಕ್ಕಿಂತ ದೊಡ್ಡ ತಪ್ಪು."

ಅಕ್ಕನಿಗೆ ಅವನು ಹುಟ್ಟಿದಾಗಿನಿಂದ ಎದುರಾಡಿದವನಲ್ಲ. "ಅವಳು ಅಲ್ಲೇ ಇದಾಳಾ?" ಎಂದಳು. "ಇದಾಳೆ." "ಕೊಡು ಅವಳಿಗೆ." ಅವನು ತಲೆಯೆತ್ತಿ ನೋಡಿದ. ಹೆಂಡತಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಇಲ್ಲ ಎಂದು ತಲೆಯಾಡಿಸಿದಳು. ಆ ತಲೆಯಾಡಿಸಿದ ರೀತಿ ನೋಡಿ, ತನ್ನ ಎದೆಯಲ್ಲಿ ಇಷ್ಟು ವರ್ಷ ತನ್ನ ಕೈಯ ಬಗ್ಗೆ ಮಾತ್ರ ಏಳುತ್ತಿದ್ದ ಬಿಸಿ ಅವಳ ಬಗ್ಗೆ ಎದ್ದದ್ದು ಅವನಿಗೆ ಗೊತ್ತಾಯಿತು. ಇವಳು ನನ್ನ ಹೆಂಡತಿ, ಅಂದುಕೊಂಡ. ಹಾಗೆ ಅಂದುಕೊಳ್ಳುವ ಹಕ್ಕು ತನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ.

"ಅವಳಿಗೆ ಈಗ ಮಾತಾಡೋಕೆ ಇಷ್ಟ ಇಲ್ಲ ಅಕ್ಕ" ಎಂದ. "ಇಷ್ಟ ಬಂದ ದಿನ ಅವಳೇ ಮಾಡ್ತಾಳೆ. ಬರದಿದ್ರೆ ಮಾಡಲ್ಲ."

ಫೋನು ಕೆಳಗಿಟ್ಟ. ಕ್ಷಮಿಸಿದಳು ಎಂದು ತಿಳಿಯುವಂಥದ್ದು ಹೆಂಡತಿಯ ಮುಖದಲ್ಲಿ ಏನೂ ಇರಲಿಲ್ಲ, ಅವನು ಹುಡುಕಲೂ ಇಲ್ಲ. ಬೀನ್ಸಿನ ತಟ್ಟೆಯನ್ನು ಅವಳು ಅವನ ಕಡೆಗೆ ಸರಿಸಿದಳು. ನಾರು ತೆಗೆಯಬೇಕಾದ್ದು ಇನ್ನೂ ಅರ್ಧ ಇತ್ತು.

"ನಿಮ್ಮ ಸೋದರಮಾವ, ನನ್ನ ಹೊಟ್ಟೆ ಕೊಯ್ದ ವರ್ಷ, ನಿಮಗೆ ಇನ್ನೊಂದು ಮದುವೆ ಮಾಡೋ ಮಾತು ಎತ್ತಿದ್ರಲ್ಲ" ಎಂದಳು. "ಅವರ ನಂಬರು ಇದೆಯಾ?"

"ಇದೆ" ಎಂದು ಅವನು ಮತ್ತೆ ಫೋನು ತೆಗೆದು ಆ ನಂಬರು ಒತ್ತಿದ.